ಮೂವತ್ತೊಂದು ಮನೆಯ ಬ್ರೊಮೀಲಿಯಡ್ ಮರಿಗಳು

ನನ್ನ ವ್ಯಾಪಾರವೆಲ್ಲ ನಿಂತದ್ದು ಒಂದೇ ಮಾತಿನ ಮೇಲೆ: "ಈ ಗಿಡಕ್ಕೆ ನೀವು ಎಂತ ಮಾಡುದೂ ಬೇಡ." ಮಂಗಳೂರಿನ ಮನೆಯಂಗಳಗಳಲ್ಲಿ ಸಣ್ಣ ತೋಟ ಮಾಡಿಕೊಡುವ ಕೆಲಸ ನನ್ನದು. ಹುಲ್ಲುಹಾಸೇ ಬೇಕು ಎಂದು ಹಟ ಹಿಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ತತ್ವಾರ ಇರುವಾಗ ಹುಲ್ಲಿಗೆ ಪೈಪ್ ಹಿಡಿದು ನಿಲ್ಲುವುದು, ಮಳೆಗಾಲದಲ್ಲಿ ಅದೇ ಹುಲ್ಲು ಕೊಳೆತು ನಾರುವುದು, ಆಮೇಲೆ ನನಗೆ ಫೋನ್ ಮಾಡಿ ಬೈಯುವುದು. ಅಂಥವರಿಗೆಲ್ಲ ನಾನು ಬ್ರೊಮೀಲಿಯಡ್ ತೋರಿಸುತ್ತಿದ್ದೆ.

ಅದು ಅನಾನಸಿನ ಬಳಗದ ಗಿಡ. ಎಲೆಗಳು ಸುತ್ತಲೂ ಒಂದರ ಮೈಗೊಂದು ಒತ್ತಿಕೊಂಡು ಬೆಳೆದು ನಡುವೆ ಒಂದು ಬಟ್ಟಲಾಗುತ್ತದೆ. ಬಿದ್ದ ನೀರು ಆ ಬಟ್ಟಲಲ್ಲಿ ನಿಲ್ಲುತ್ತದೆ, ಗಿಡ ಅಲ್ಲಿಂದಲೇ ಕುಡಿಯುತ್ತದೆ. ಬೇರಿಗೆ ಹಿಡಿದುಕೊಳ್ಳಲು ಏನಾದರೊಂದು ಸಿಕ್ಕಿದರೆ ಸಾಕು, ಮಣ್ಣು ಕೂಡ ಬೇಕಾಗಿಲ್ಲ. ಒಡೆದ ಹಂಚಿನ ಚೂರು, ತೆಂಗಿನ ಸಿಪ್ಪೆ, ಸ್ವಲ್ಪ ಇದ್ದಿಲು. ಕೆಂಪು, ನೇರಳೆ, ಹಸಿರಿನ ಮೇಲೆ ಬಿಳಿ ಗೆರೆ, ಹೀಗೆ ಎಲೆಗೇ ಬಣ್ಣ ಇರುವುದರಿಂದ ಹೂವಿಗೆ ಕಾಯುವ ಕೆಲಸವೂ ಇಲ್ಲ. ತಾಯಿಗಿಡದ ಬುಡದಲ್ಲಿ ಮರಿಗಳು ಏಳುತ್ತವೆ, ಅವನ್ನು ಕತ್ತರಿಸಿ ಬೇರೆ ಕಡೆ ಇಟ್ಟರೆ ಅವೂ ಗಿಡ. ಇದನ್ನು ಒಮ್ಮೆ ನೆಟ್ಟವರು ಮತ್ತೆ ನನ್ನನ್ನು ಕರೆಯಬೇಕಾಗಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಈಸ್ಟರ್ ಮುಗಿದ ವಾರ ಬಿಕರ್ನಕಟ್ಟೆಯಿಂದ ಒಬ್ಬರು ಹೇಳಿಕಳಿಸಿದರು. ಕುವೈತಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಮರಳಿದವರು. ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು 'ಬಾಯಿ' ಎನ್ನುವುದು ವಾಡಿಕೆ, ಹಾಗಾಗಿ ಆ ಓಣಿಯಲ್ಲಿ ಅವರು ನರ್ಸ್ ಬಾಯಿ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿದ್ದದ್ದು ಅವರು ಮತ್ತು ಒಬ್ಬಳೇ ಮಗಳು. ಮಗಳು ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್.

"ನನ್ನ ಮಂಡಿ ಬಗ್ಗುದಿಲ್ಲ ಶೆಟ್ರೆ" ಎಂದರು ಬಾಯಿ. "ಕಳೆ ಕೀಳ್ಲಿಕ್ಕೆ, ನೀರು ಹೊರ್ಲಿಕ್ಕೆ ನನ್ನಿಂದ ಆಗುದಿಲ್ಲ. ಮಗಳ ಮದುವೆ ಆಗಸ್ಟ್ ಕೊನೆಗೆ ಉಂಟು. ರೋಸ್ ಈ ಅಂಗಳದಲ್ಲೇ ಆಗ್ಬೇಕು. ಅಷ್ಟರೊಳಗೆ ಇಲ್ಲಿ ಎಂತಾದ್ರೂ ಚಂದ ಕಾಣ್ಬೇಕು."

ರೋಸ್ ಎಂದರೆ ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಹಾರೈಸುವ ಶಾಸ್ತ್ರ. ನೆಂಟರು, ನೆರೆಯವರು ಎಲ್ಲ ಬರುತ್ತಾರೆ.

"ಮಳೆಗಾಲದಲ್ಲಾ ಬಾಯಿ ಮದುವೆ?"

"ಹುಡುಗನಿಗೆ ರಜೆ ಸಿಗುದು ಆಗ ಮಾತ್ರ. ದುಬೈ ಕಂಪೆನಿಗೆ ನಮ್ಮ ಮಳೆ ಗೊತ್ತುಂಟಾ?"

ಅಂಗಳ ಕೆಂಪುಕಲ್ಲಿನ ಗಟ್ಟಿ ನೆಲ, ಅರ್ಧಕ್ಕೆ ಹಲಸಿನ ಮರದ ನೆರಳು. ಹಿಂದಿನ ಅಡುಗೆಮನೆ ಕೆಡವಿದ ಹಂಚು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಅದನ್ನೇ ಒಡೆದು ಚೂರು ಮಾಡಿ, ದಾರಿಯ ಎರಡೂ ಬದಿ ಒಂದು ಗೇಣು ಎತ್ತರಕ್ಕೆ ಹಾಸಿದೆ. ಕಡಿದ ಹಲಸಿನ ಕೊಂಬೆಗಳನ್ನು ಅಡ್ಡ ಮಲಗಿಸಿ, ತೆಂಗಿನ ಸಿಪ್ಪೆಯ ಜೊತೆ ಗಿಡಗಳನ್ನು ನೈಲಾನ್ ದಾರದಲ್ಲಿ ಕಟ್ಟಿದೆ. ಕೆಂಪು ಜಾತಿಗೆ ಬೆಳಗಿನ ಬಿಸಿಲು ಬೇಕು, ಇಲ್ಲದಿದ್ದರೆ ಹಸಿರಿಗೆ ತಿರುಗುತ್ತದೆ. ಅವನ್ನು ಗೇಟಿನ ಕಡೆಗೆ ಇಟ್ಟೆ. ಎಲೆಯಂಚಿನಲ್ಲಿ ಮುಳ್ಳಿರುವ ದೊಡ್ಡ ಜಾತಿ ಗೋಡೆಯ ಬದಿಗೆ. ಹೊಸದಾಗಿ ತರಿಸಿದ್ದು ಬಹುಮಟ್ಟಿಗೆ ಏನೂ ಇಲ್ಲ, ಎಲ್ಲ ನನ್ನ ಹಿತ್ತಲಿನ ಮರಿಗಳು.

ಮಗಳು ಶಾಲೆಯಿಂದ ಬಂದವಳು ಬ್ಯಾಗ್ ಕೆಳಗಿಡದೆ ನನ್ನ ಹಿಂದೆಯೇ ತಿರುಗುತ್ತಿದ್ದಳು. ಗೇಟಿನ ಪಕ್ಕದ ಒಂದು ಕೆಂಪು ಗಿಡವನ್ನು ಅವಳೇ ನೆಟ್ಟಳು. ಕೈಗೆ ಮಣ್ಣಾಗುವುದೆಂದರೆ ಅವಳಿಗೆ ಖುಷಿ. ಮರಿಗಳ ವಿಷಯ ತಿಳಿದ ಮೇಲೆ ಅವಳಿಗೆ ಒಂದು ಯೋಚನೆ ಬಂತು.

"ಅಂಕಲ್, ಹತ್ತಿರದವರಿಗೆ ಮದುವೆ ಕಾಗದ ಕೊಡುವಾಗ ಒಂದೊಂದು ಮರಿಯೂ ಕೊಟ್ರೆ ಹೇಗೆ? ಸ್ವೀಟ್ ಬಾಕ್ಸ್ ಕೊಟ್ರೆ ಎರಡು ದಿನಕ್ಕೆ ಮುಗೀತದೆ."

"ಕೊಡು ಮಾರಾಯ್ತಿ. ಇದಕ್ಕೆ ಎಂತ ಮಾಡ್ಲಿಕ್ಕೂ ಇಲ್ಲ. ಬಟ್ಟಲಲ್ಲಿ ನೀರು ಇದ್ರೆ ಆಯ್ತು."

ಅವಳು ದಪ್ಪ ಕಾಗದದಲ್ಲಿ ಚೀಟಿ ಕತ್ತರಿಸಿ, ಮಳೆಗೆ ಅಳಿಯದ ಪೆನ್ನಿನಿಂದ ದುಂಡಗಿನ ಅಕ್ಷರದಲ್ಲಿ ಬರೆದಳು: "ನನ್ನ ಬಟ್ಟಲು ಬರಿದಾಗಲು ಬಿಡಬೇಡಿ." ಅದರ ಮೇಲೆ ಪ್ಲಾಸ್ಟಿಕ್ ಅಂಟಿಸಿ ಪ್ರತಿ ಮರಿಗೂ ಒಂದು ಕಟ್ಟಿದಳು. ಮೊಸರಿನ ಡಬ್ಬಿಗಳಲ್ಲಿ ಮರಿಗಳನ್ನು ಇಟ್ಟುಕೊಟ್ಟದ್ದು ನಾನು. ಜೂನ್ ತಿಂಗಳಿಡೀ ತಾಯಿ ಮಗಳು ಮನೆ ಮನೆಗೆ ಹೋಗಿ ಕಾಗದ ಹಂಚಿ ಬಂದರು.

ಇನ್ನು ಎರಡು ಸಂಗತಿ ಹೇಳಬೇಕು. ಎರಡೂ ನನಗೆ ಹೇಳಲು ನಾಚಿಕೆಯಾಗುವ ಸಂಗತಿಗಳೇ.

ಮೊದಲ ಮಳೆ ಬಂದು ಹತ್ತು ದಿನ ಆಗಿರಬಹುದು. ನಾನು ಗಿಡ ಕಟ್ಟಿದ ದಾರ ಬಿಗಿ ಮಾಡಲು ಹೋಗಿದ್ದೆ. ಮಗಳು ಗಿಡದ ಮೇಲೆ ಬಗ್ಗಿ ನೋಡುತ್ತಿದ್ದಳು. "ಅಂಕಲ್, ಇಲ್ನೋಡಿ, ನೀರಲ್ಲಿ ಎಂತದೋ ಕುಣೀತಾ ಉಂಟು." ನಾನೂ ಬಗ್ಗಿದೆ. ಎಳ್ಳುಕಾಳಿನಷ್ಟು ಸಣ್ಣ ಹುಳಗಳು, ನನ್ನ ನೆರಳು ಬಿದ್ದೊಡನೆ ಬುಡಕ್ಕೆ ಇಳಿದವು. ಸೊಳ್ಳೆಮರಿ ಎಂದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಮನೆಯ ಡ್ರಮ್ಮಿನಲ್ಲಿ ಕಂಡಿದ್ದರೆ ಆ ಗಳಿಗೆಯಲ್ಲೇ ಕವುಚಿಹಾಕುತ್ತಿದ್ದೆ. ಆದರೆ ಎಂತ ಮಾಡುವುದೂ ಬೇಡ ಎಂದು ಮಾರಿದ ಗಿಡದಲ್ಲಿ ಒಂದು ಕೆಲಸ ಉಂಟು ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. "ಅದೆಲ್ಲ ಇರುದೇ. ಕಪ್ಪೆ ಬಂದು ತಿಂತದೆ, ಆ ಕಸವೇ ಗಿಡಕ್ಕೆ ಗೊಬ್ಬರ" ಎಂದೆ. ಅವಳು ಟೀಚರ್ ಅಲ್ಲವೇ, ಹೇಳಿದ್ದನ್ನು ನೆನಪಿಟ್ಟುಕೊಂಡಳು. ಮರುದಿನ ಯಾರೋ ನೆರೆಯವರಿಗೆ ಅದನ್ನೇ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಎರಡನೆಯದು ಅದೇ ತಿಂಗಳ ಕೊನೆಗೆ. ಸೊಳ್ಳೆ ಹುಡುಕಿಕೊಂಡು ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಂದಿದ್ದಳು. ಜನ 'ಮಲೇರಿಯಾದವರು' ಎನ್ನುತ್ತಾರೆ. ಚುರುಕಿನ ಹೆಂಗಸು. ಟಾರ್ಚ್ ಹಿಡಿದು ನೀರಿನ ಟಾಂಕಿ ನೋಡಿದಳು, ಎಳನೀರಿನ ಚಿಪ್ಪು ಕವುಚಿದಳು, ಫ್ರಿಜ್ಜಿನ ಹಿಂದಿನ ತಟ್ಟೆ ತೆಗೆಸಿದಳು. ಕೊನೆಗೆ ಗೋಡೆಯ ಬದಿಯ ಗಿಡಗಳತ್ತ ಬಗ್ಗಿದಳು.

"ಅಲ್ಲಿ ಕೈ ಹಾಕ್ಬೇಡಿ ಅಕ್ಕಾ, ಮುಳ್ಳುಂಟು" ಎಂದೆ ನಾನು. "ಅದು ಗಿಡ ಮಾರಾಯ್ರೆ, ಡ್ರಮ್ ಅಲ್ಲ. ನಿಮ್ಮ ಟಾರ್ಚಿಗೆ ಇನ್ನು ಮರದ ಎಲೆಯೂ ಬಾಕಿಯಾ?"

ಅವಳು ನಕ್ಕಳು. ಮುಂದಿನ ಮನೆಗಳು ಬಾಕಿ ಇದ್ದವು, ಮಳೆ ಬೇರೆ. ಗೇಟಿನ ಕಂಬದ ಮೇಲೆ ಚಾಕ್‌ನಲ್ಲಿ ತಾರೀಕು ಬರೆದು ಹೋದಳು. ಆ ಕಂಬ ಮಳೆಗೆ ಒದ್ದೆಯಾಗದ ಜಾಗದಲ್ಲಿದೆ. ಆ ತಾರೀಕು ಅಲ್ಲಿ ಬಹಳ ದಿನ ಇತ್ತು.

ಜುಲೈಯಲ್ಲಿ ಮಳೆ ಬಿಟ್ಟು ಬಿಟ್ಟು ಬಂತು. ಎರಡು ದಿನ ಹೊಡೆದು ಮೂರು ದಿನ ಬಿಸಿಲು. ಓಣಿಯಲ್ಲಿ ಇಬ್ಬರು ಮೂವರಿಗೆ ಡೆಂಗಿ ಎಂದು ಕೇಳಿದ್ದೆ. ಡೆಂಗಿ ಪ್ರತಿವರ್ಷ ಇರುತ್ತದೆ ಎಂದು ಸುಮ್ಮನಾಗಿದ್ದೆ. ತಿಂಗಳ ಕೊನೆಯ ವಾರ ಮಗಳಿಗೆ ಜ್ವರ ಬಂತು. ಬಾಯಿ ನರ್ಸ್ ಆದ್ದರಿಂದ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿದರು, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಮುಟ್ಟಗೊಡಲಿಲ್ಲ, ಗಂಜಿ, ಎಳನೀರು ಗಂಟೆಗಂಟೆಗೆ ಕೊಟ್ಟರು. ಐದನೆಯ ದಿನ ಜ್ವರ ಇಳಿಯಿತು. ಮಗಳು ಎದ್ದು ಕೂತು ಮದುವೆ ರವಿಕೆಯ ಅಳತೆಯ ಬಗ್ಗೆ ದರ್ಜಿಗೆ ಫೋನ್ ಮಾಡಿದಳಂತೆ. ಅದೇ ಸಂಜೆಗೆ ಕೈಕಾಲು ತಣ್ಣಗಾಯಿತು. ಆಸ್ಪತ್ರೆಗೆ ಒಯ್ದರು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು.

ಮದುವೆಗೆ ಕರೆದವರೆಲ್ಲ ಮಣ್ಣಿಗೆ ಬಂದರು. ಹುಡುಗ ವಿಮಾನ ಹತ್ತಿ ಬಂದವನು ಮಣ್ಣು ಮುಗಿಸಿ ಅದೇ ದಿನ ಹಿಂದೆ ಹೋದ. ಅಂಗಳದ ಎರಡೂ ಬದಿ ನನ್ನ ಗಿಡಗಳು ಮಳೆ ಕುಡಿದು ಹೊಳೆಯುತ್ತಿದ್ದವು. ಒಬ್ಬ ಹೆಂಗಸು ಅಳುತ್ತಲೇ "ಎಷ್ಟು ಚಂದ ಮಾಡಿದ್ದಾರೆ ಗಾರ್ಡನ್" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಣ್ಣಾದ ಮರುದಿನ ಬೆಳಿಗ್ಗೆ ಗಿಡ ನೋಡಿ ಬರೋಣವೆಂದು ಹೋದೆ. ಮನೆಯೊಳಗೆ ನೆಂಟರಿದ್ದರು, ಬಾಯಿ ಮಲಗಿದ್ದರು. ಅದೇ ಕಾರ್ಯಕರ್ತೆ ಬಂದಳು. ಡೆಂಗಿಯಲ್ಲಿ ಸಾವಾದ ಮನೆಯನ್ನು ಮತ್ತೆ ನೋಡಬೇಕಂತೆ. ಟಾಂಕಿ, ಹಿತ್ತಲು, ಮಾಡಿನಂಚಿನಲ್ಲಿ ಮಳೆನೀರು ಹರಿಯುವ ದಂಬೆ ಎಲ್ಲ ನೋಡಿದಳು. ಎಲ್ಲೂ ಏನೂ ಇಲ್ಲ. ನರ್ಸ್ ಇದ್ದ ಮನೆ, ಎಲ್ಲಿಂದ ಇರುತ್ತದೆ? ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ಆ ಗಿಡ ಒಮ್ಮೆ ತೋರಿಸಿ."

ಚೀಲದಿಂದ ಮಸಿ ತುಂಬುವ ಫಿಲ್ಲರಿನಂಥ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದು ಬಟ್ಟಲಿಗೆ ಇಳಿಸಿ ನೀರು ಎಳೆದಳು. ಬಿಳಿ ಪಿಂಗಾಣಿ ತಟ್ಟೆಗೆ ಬಿಟ್ಟಳು. ತಟ್ಟೆಯ ತುಂಬ ಹುಳಗಳು ಕೊಂಕಿ ಕೊಂಕಿ ಓಡಾಡಿದವು. ಎರಡನೆಯ ಗಿಡ, ಮೂರನೆಯದು, ಮಗಳು ನೆಟ್ಟ ಕೆಂಪು ಗಿಡ. ಎಲ್ಲದರಲ್ಲೂ ಇತ್ತು. ನಡುವಿನ ಬಟ್ಟಲಲ್ಲಿ ಮಾತ್ರವಲ್ಲ, ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಗುಟುಕು ನೀರು, ಅಲ್ಲೂ ಇತ್ತು.

"ಇದೇ ಸೊಳ್ಳೆ ಕಚ್ಚಿದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಣ್ಣ" ಎಂದಳು ಅವಳು, ನನ್ನ ಮುಖ ನೋಡಿ. "ಹಗಲು ಕಚ್ಚುವ ಸೊಳ್ಳೆ ಇದು. ಶಾಲೆಯಲ್ಲಿ ಕಚ್ಚಿರ್ಬಹುದು, ಬಸ್‌ಸ್ಟಾಂಡಲ್ಲಿ ಕಚ್ಚಿರ್ಬಹುದು. ಆದ್ರೆ ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಒಂದು ವಾರ ಸಾಕು. ಈ ಗಿಡ ಬೇರೆ ಯಾರ ಮನೆಯಲ್ಲಿ ಉಂಟು?"

"ನಾನು ನೋಡಿಕೊಳ್ತೇನೆ" ಎಂದೆ.

"ಮನೆಯವರಿಗೆ ಹೇಳ್ಬೇಕು."

"ಅದೂ ನಾನು ಹೇಳ್ತೇನೆ. ಈಗ ಬೇಡ ಅಕ್ಕಾ, ನಿನ್ನೆಯಷ್ಟೇ ಮಣ್ಣು ಮಾಡಿದ್ದು."

ಅವಳು ನಂಬಿದಳು. ಆ ದಿನವೇ ಅಲ್ಲಿನ ಬಟ್ಟಲುಗಳನ್ನೆಲ್ಲ ಖಾಲಿ ಮಾಡಿದೆ. ನಾನು ತೋಟ ಮಾಡಿಕೊಟ್ಟಿದ್ದ ಬೇರೆ ಮನೆಗಳಿಗೂ ಹೋದೆ, ಅಲ್ಲೂ ಅದೇ ಕಥೆ. ಪೈಪಿನಲ್ಲಿ ಜೋರಾಗಿ ನೀರು ಹೊಡೆದು ತೊಳೆದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಹುಳ. ಕೆಲವು ಎಲೆಯ ಕಂಕುಳಲ್ಲಿ ಅಡಗಿ ಉಳಿದಿದ್ದವು. ಇನ್ನು ಕೆಲವು ಎಲೆಯ ಒಳಮೈಗೆ ಅಂಟಿದ್ದ ಮೊಟ್ಟೆಗಳಿಂದ ಹುಟ್ಟಿದವು. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ, ಮತ್ತೆ ನೀರು ಬಿದ್ದರೆ ಒಡೆಯುತ್ತದೆ. ಒಂದು ಗಿಡದ ಬಟ್ಟಲಿಗೆ ಎಣ್ಣೆಯ ಹನಿ ಬಿಟ್ಟೆ. ಹುಳ ಸತ್ತಿತು, ಜೊತೆಗೆ ಎಲೆಯೂ ಕಪ್ಪಾಯಿತು. ಇನ್ನೊಂದಕ್ಕೆ ಮರಳು ತುಂಬಿದೆ. ನಡುವಿನ ಸುಳಿ ಕೊಳೆತು, ಎಳೆದರೆ ಕೈಗೇ ಬಂತು, ಸತ್ತ ಇಲಿಯ ವಾಸನೆ. ಎಂತ ಮಾಡುವುದೂ ಬೇಡದ ಗಿಡಕ್ಕೆ ನಾನು ಅಷ್ಟು ದಿನ ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಲೇ ಇದ್ದೆ.

ಇಷ್ಟೆಲ್ಲ ಮಾಡಿದ್ದು ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು. ಮಗಳು ಹಂಚಿದ ಮರಿಗಳು ಎಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಮದುವೆ ಕಾಗದದ ಪಟ್ಟಿಗೆ ಮಾತ್ರ. ಆ ಪಟ್ಟಿ ಬಾಯಿಯ ಬಳಿ. ಪಟ್ಟಿ ಕೇಳಿದರೆ ಯಾಕೆಂದು ಹೇಳಬೇಕು.

ಏಳನೆಯ ದಿನದ ಪೂಜೆಗೆ ಇಗರ್ಜಿಯ ಹೊರಗೆ ನಿಂತಿದ್ದೆ. ಮಗಳ ಶಾಲೆಯ ಟೀಚರೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಅವಳು ಕೊಟ್ಟ ಗಿಡ ಉಂಟಲ್ಲ, ದಿನಾ ಬೆಳಿಗ್ಗೆ ಅದಕ್ಕೆ ನೀರು ತುಂಬಿಸಿಯೇ ನಾನು ಕಾಫಿ ಕುಡಿಯುದು. ಅವಳೇ ಬರೆದಿಟ್ಟು ಹೋಗಿದ್ದಾಳಲ್ಲ." ಅಷ್ಟಾದರೂ ಆ ದಿನ ಹೇಳಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಹೇಡಿಯಾಗಿದ್ದೆ, ಬೇರೆ ಮಾತಿಲ್ಲ. ತಟ್ಟೆಯಲ್ಲಿ ಹುಳ ನೋಡಿದ ದಿನದಿಂದ ಲೆಕ್ಕ ಹಾಕಿದರೆ ಒಂಬತ್ತು ದಿನ. ಸೊಳ್ಳೆಗೆ ಒಂದು ವಾರ ಸಾಕು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಿಕರ್ನಕಟ್ಟೆಗೆ ಹೋದೆ. ನೆಂಟರು ಹೊರಟುಹೋಗಿದ್ದರು. ಬಾಯಿ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಕೂರಿ ಎಂದರು, ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ತಟ್ಟೆ, ಹುಳ, ಬೇರೆ ಮನೆಗಳು. ಅವರು ಅಂಗಳದ ಕಡೆ ನೋಡುತ್ತಲೇ ಕೇಳಿದರು. ಅಳಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ಮಣ್ಣಾದ ಮರುದಿನ. ಒಂಬತ್ತು ದಿನ ಆಯ್ತು."

"ಅದಕ್ಕಿಂತ ಮುಂಚೆ?"

ಇಲ್ಲ ಎನ್ನಬಹುದಿತ್ತು. ಅದನ್ನು ಕಂಡವರು ನಾವಿಬ್ಬರೇ, ಒಬ್ಬಳು ಈಗ ಇಲ್ಲ. "ಜೂನ್‌ನಲ್ಲಿ ಅವಳೇ ತೋರಿಸಿದ್ಲು ಬಾಯಿ. ಕಪ್ಪೆ ತಿಂತದೆ, ಚಿಂತೆ ಇಲ್ಲ ಅಂತ ನಾನು ಹೇಳಿದೆ. ಮಲೇರಿಯಾದವಳು ಬಂದಾಗ ಮುಳ್ಳುಂಟು ಅಂತ ಹೇಳಿ ನೋಡ್ಲಿಕ್ಕೆ ಬಿಡದವನೂ ನಾನೇ."

ಬಾಯಿ ಎರಡೂ ಕೈಯಲ್ಲಿ ಮಂಡಿ ಒತ್ತಿಕೊಂಡು ಗೇಟಿನ ಪಕ್ಕದ ಕೆಂಪು ಗಿಡದ ಕಡೆ ನೋಡಿದರು. ಬೈದರೆ, ಹೊಡೆದರೆ ಒಳ್ಳೆಯದಿತ್ತು.

"ಜ್ವರ ಇಳಿಯುವಾಗಲೇ ಅಪಾಯ ಜಾಸ್ತಿ" ಎಂದರು ಕೊನೆಗೆ. "ಎಷ್ಟು ಜನ ಜೂನಿಯರ್ ನರ್ಸ್‌ಗಳಿಗೆ ಇದನ್ನು ನಾನು ಕಲಿಸಿದ್ದೇನೆ ಶೆಟ್ರೆ. ಐದನೇ ದಿನ ಅವಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾಲ್ಕು ದಿನ ನಿದ್ದೆ ಇರ್ಲಿಲ್ಲ. ಸದ್ಯ ಇಳೀತಲ್ಲ ಅಂತ ಮಧ್ಯಾಹ್ನ ಮಲಗಿದೆ. ಎದ್ದು ನೋಡುವಾಗ ಸಂಜೆ."

ಅವರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಕಪಾಟಿನ ಬಾಗಿಲಿನ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಒಂದು ನೋಟ್‌ಬುಕ್, ಇನ್ನೊಂದರಲ್ಲಿ ಸೂಜಿ ಇಲ್ಲದ ದೊಡ್ಡ ಸಿರಿಂಜ್. ನುಂಗಲಾಗದ ರೋಗಿಗಳಿಗೆ ಹಾಲು ಕೊಡುವಂಥದ್ದು. ನೋಟ್‌ಬುಕ್ಕಿನಲ್ಲಿ ಮಗಳ ದುಂಡು ಅಕ್ಷರದ ಹೆಸರುಗಳು. ಮರಿ ಕೊಟ್ಟವರ ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಒಂದು ಪುಟ್ಟ ಎಲೆ ಬಿಡಿಸಿದ್ದಳು. ಎಣಿಸಿದೆ, ಮೂವತ್ತೊಂದು.

"ನಾನು ಹೋಗಿ ತರ್ತೇನೆ ಬಾಯಿ, ನೀವು ಇರಿ."

"ನಿಮಗೆ ಯಾರು ಕೊಡ್ತಾರೆ? ಅವಳ ಕೈಯಿಂದ ತಗೊಂಡದ್ದು ಅವರು. ನಡೀರಿ, ರಿಕ್ಷಾ ಕರೀರಿ."

ಮೊದಲು ಹೋದದ್ದು ಕೊಡಿಯಾಲ್‌ಬೈಲಿಗೆ, ಇಗರ್ಜಿಯ ಹೊರಗೆ ಮಾತನಾಡಿದ್ದ ಆ ಟೀಚರ್ ಮನೆಗೆ. ಮೂರನೆಯ ಮಾಳಿಗೆಯ ಫ್ಲಾಟ್, ಆ ಹೊತ್ತಿಗೆ ಕರೆಂಟ್ ಇರಲಿಲ್ಲ, ಲಿಫ್ಟ್ ನಿಂತಿತ್ತು. ಬಾಯಿ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಂತು ಹತ್ತಿದರು. ನಾನು ಕೈ ನೀಡಿದೆ, ಹಿಡಿಯಲಿಲ್ಲ. ಬಾಗಿಲು ತೆರೆದ ಟೀಚರ್ ಬಾಯಿಯನ್ನು ಅಪ್ಪಿಕೊಂಡು ಅತ್ತಳು. ಒಳಗೆ ಚಾಪೆಯ ಮೇಲೆ ಅವಳ ಆರು ತಿಂಗಳ ಕೂಸು ಮಲಗಿತ್ತು. ಬಾಲ್ಕನಿಯಲ್ಲಿ ಆ ಮರಿ, ಎರಡೇ ತಿಂಗಳಲ್ಲಿ ಒಳ್ಳೆಯ ಗಿಡವಾಗಿತ್ತು. ಬಟ್ಟಲು ಅಂಚಿನವರೆಗೆ ತುಂಬಿತ್ತು. ಚೀಟಿ ಹಾಗೆಯೇ ಇತ್ತು.

ನಾನು ವಿಷಯ ಹೇಳಿದೆ. ಟೀಚರ್ ಗಿಡಕ್ಕೆ ಅಡ್ಡ ನಿಂತಳು.

"ಇದನ್ನು ಬಿಸಾಡ್ಲಿಕ್ಕೆ ಬಿಡುದಿಲ್ಲ ನಾನು. ಅವಳು ಬರೆದದ್ದು ಉಂಟು ಇಲ್ಲಿ. ನೀವು ಯಾರು ಹೇಳ್ಲಿಕ್ಕೆ?"

"ಅವಳಿಗೆ ಆ ಮಾತು ಹೇಳಿಕೊಟ್ಟವನು ನಾನು" ಎಂದೆ.

ಬಾಯಿ ಬಾಲ್ಕನಿಗೆ ಹೋದರು. ಬಗ್ಗದ ಮಂಡಿಯನ್ನು ಕಷ್ಟಪಟ್ಟು ಬಗ್ಗಿಸಿ, ಗೋಡೆಗೆ ಒರಗಿ ಕೂತರು. ಸಿರಿಂಜನ್ನು ಬಟ್ಟಲಿಗೆ ಇಳಿಸಿ ನಿಧಾನವಾಗಿ ಎಳೆದು, ಬೆಳಕಿಗೆ ಹಿಡಿದರು. ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ಹುಳಗಳು ಮೇಲೆ ಕೆಳಗೆ ಓಡಾಡಿದವು. ಟೀಚರ್ ಒಮ್ಮೆ ಅದನ್ನು ನೋಡಿದಳು, ಇನ್ನೊಮ್ಮೆ ಚಾಪೆಯ ಕಡೆ ನೋಡಿದಳು, ಓಡಿ ಹೋಗಿ ಕೂಸನ್ನು ಎತ್ತಿಕೊಂಡಳು. ಬಾಯಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ ಬಾಲ್ಕನಿಯ ನೀರು ಹೋಗುವ ತೂತಿಗೆ ಸುರಿದರು. ಎಲೆಯ ಕಂಕುಳುಗಳ ನೀರೂ ತಟತಟ ಇಳಿದು ಮುಗಿಯುವವರೆಗೆ ಹಾಗೆಯೇ ಹಿಡಿದುಕೊಂಡರು. ಆಮೇಲೆ ನನ್ನ ಚೀಲದಿಂದ ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಎಲೆಗಳ ಒಳಮೈ ಉಜ್ಜಿದರು.

ನನ್ನ ಎಣಿಕೆ ಎಲ್ಲವನ್ನೂ ಕಿತ್ತು ತಂದು ಸುಟ್ಟುಬಿಡುವುದಾಗಿತ್ತು. ಆ ಬಾಲ್ಕನಿಯಲ್ಲಿ ಅದು ಆಗುವ ಕೆಲಸವಲ್ಲ ಎಂದು ಅರ್ಥವಾಯಿತು. ಕೊಟ್ಟವಳು ಹೋದ ಮೇಲೆ ಆ ಗಿಡವನ್ನು ಯಾರೂ ಬಿಡುವುದಿಲ್ಲ. ಕಸಿದರೆ ಬಚ್ಚಿಡುತ್ತಾರೆ. ಹಾಗಾಗಿ ರಿಕ್ಷಾದಲ್ಲಿ ಕೂತು ಬೇರೆ ತೀರ್ಮಾನ ಮಾಡಿದೆವು. ಗಿಡ ಇರಲಿ, ನೀರು ನಿಲ್ಲಬಾರದು. ಮರಕ್ಕೆ, ನೆಲಕ್ಕೆ ಕಟ್ಟಿದ್ದನ್ನೆಲ್ಲ ಬಿಡಿಸಿ ಕವುಚಲು ಬರುವಂತೆ ಕುಂಡಕ್ಕೆ ಹಾಕುವುದು. ವಾರಕ್ಕೆ ಒಮ್ಮೆ ತಲೆಕೆಳಗು ಮಾಡಿ, ಉಜ್ಜಿ ತೊಳೆಯುವುದು. ಮಳೆಗಾಲ ಮುಗಿಯುವವರೆಗೆ ಮಾಡಿನ ಕೆಳಗೆ ಇಟ್ಟು, ಬುಡಕ್ಕೆ ಮಾತ್ರ ನೀರು. ಬಟ್ಟಲು ಒಣಗಿದರೆ ಬಣ್ಣ ಮಂಕಾಗುತ್ತದೆ, ಎಲೆಯ ತುದಿ ಸುಡುತ್ತದೆ. ಸುಡಲಿ ಎಂದರು ಬಾಯಿ.

ಮೂವತ್ತೊಂದು ಮನೆಗೆ ಐದು ದಿನ ಬೇಕಾಯಿತು. ಕೆಲವರು ನನಗೆ ಬೈದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಹೆಚ್ಚಿನವರು ಬಾಯಿಯ ಕಾಲಿನ ಕಡೆ ನೋಡಿ ಸುಮ್ಮನೆ ಒಳಗೆ ಬಿಟ್ಟರು. ನಾಲ್ಕನೆಯ ದಿನ ಕೂಳೂರು ಸೇತುವೆ ದಾಟಿ ಹೊಳೆಯ ಹತ್ತಿರದ ಒಂದು ಮನೆಗೆ ಹೋದರೆ ಬೀಗ. ಪಕ್ಕದವರು ಹೇಳಿದರು: ಆ ಮನೆಯ ಯಜಮಾನ ಡೆಂಗಿ ಆಗಿ ಎರಡು ದಿನದಿಂದ ಆಸ್ಪತ್ರೆಯಲ್ಲಿ. ಗೇಟಿನೊಳಗೆ ಮೆಟ್ಟಿಲ ಮೇಲೆ ಆ ಮರಿ ಕಾಣುತ್ತಿತ್ತು, ಚೀಟಿ ಗಾಳಿಗೆ ತಿರುಗುತ್ತಿತ್ತು. ನಾನು ಗೇಟು ಹತ್ತಿ ಹಾರಿ ಅದನ್ನು ಕವುಚಿ ಬಂದೆ. ಹಿಂದೆ ಬರುವಾಗ ರಿಕ್ಷಾದಲ್ಲಿ ಬಾಯಿ ಹೇಳಿದ್ದು ಒಂದೇ ಮಾತು.

"ಒಂಬತ್ತು ದಿನ ಶೆಟ್ರೆ."

ಆ ಮನುಷ್ಯ ಬದುಕಿ ಬಂದ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಕೂದಲು ಉದುರಿ, ಕೋಲು ಹಿಡಿದು ಬಂದ. ಅವನು ಬದುಕಿದ್ದರಿಂದ ಆ ಒಂಬತ್ತು ದಿನದ ಭಾರ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಆರೋಗ್ಯ ಕಾರ್ಯಕರ್ತೆಗೆ ಪಟ್ಟಿಯ ಒಂದು ಪ್ರತಿ ಕೊಟ್ಟೆ, ನಾನು ಹೇಳದೆ ಉಳಿಸಿದ್ದನ್ನೂ ಹೇಳಿದೆ. ಅವಳು ತಲೆ ತಗ್ಗಿಸಿದಳು. "ಮುಳ್ಳು ಚುಚ್ಚಿದ್ರೂ ನಾನು ಆ ದಿನ ನೋಡ್ಬೇಕಿತ್ತು ಅಣ್ಣ" ಎಂದಳು. ನನ್ನ ತಪ್ಪಿನ ಒಂದು ಚೂರು ಅವಳ ಪಾಲಿಗೂ ಹೋಯಿತಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಕೊನೆಗೆ ಉಳಿದದ್ದು ಬಾಯಿಯ ಅಂಗಳ. ಆಗಸ್ಟ್ ಕೊನೆಯ ಶನಿವಾರ, ರೋಸ್ ಆಗಬೇಕಾಗಿದ್ದ ದಿನ, ಬೆಳಿಗ್ಗೆಯೇ ಗುದ್ದಲಿ, ಚೀಲ ಹಿಡಿದು ಹೋದೆ. ಅವರ ಮನೆಯಲ್ಲಾದರೂ ಒಂದು ಗಿಡವೂ ಉಳಿಯಬಾರದು ಎಂದು ಮನಸ್ಸಿನಲ್ಲಿತ್ತು.

"ಎಲ್ಲ ತೆಗೆದುಕೊಂಡು ಹೋಗ್ತೇನೆ ಬಾಯಿ. ಇನ್ನು ಇವುಗಳ ಮುಖ ನೀವು ನೋಡುದು ಬೇಡ. ನನ್ನದೂ ನೋಡುದು ಬೇಡ."

ಬಾಯಿ ಜಗಲಿಯ ಮೇಜಿನ ಮೇಲೆ ಚೀಟಿಗಳನ್ನು ಹರಡಿ ಕೂತಿದ್ದರು. ಮಗಳು ಕತ್ತರಿಸಿ ಉಳಿಸಿದ್ದ ಅದೇ ದಪ್ಪ ಕಾಗದ. ಆಸ್ಪತ್ರೆಯ ಚಾರ್ಟಿನಲ್ಲಿ ಬರೆಯುವ ಹಾಗೆ ನೆಟ್ಟಗಿನ ಅಕ್ಷರದಲ್ಲಿ ಬರೆಯುತ್ತಿದ್ದರು: "ಪ್ರತಿ ಶನಿವಾರ ನೀರು ಚೆಲ್ಲಿ." ಮೂವತ್ತೊಂದು ಮನೆಗೆ ಮೂವತ್ತೊಂದು, ಮಗಳ ಚೀಟಿಯ ಕೆಳಗೆ ಕಟ್ಟಲು.

"ಎಲ್ಲಿಗೂ ತೆಗೆದುಕೊಂಡು ಹೋಗ್ಲಿಕ್ಕೆ ಇಲ್ಲ" ಎಂದರು ತಲೆ ಎತ್ತದೆ. "ಅವಳಿಗೆ ಇಷ್ಟ ಆಗಿ ಇಟ್ಟದ್ದು. ಆ ಕೆಂಪಿದು ಅವಳೇ ನೆಟ್ಟದ್ದು. ಅದನ್ನು ಕಿತ್ತರೆ ನಾನು ಎಂತ ನೋಡಿಕೊಂಡು ಕೂತ್ಕೊಳ್ಳುದು ಇಲ್ಲಿ?"

"ಹಾಗಾದ್ರೆ ಯಾರನ್ನಾದ್ರೂ ಕೆಲಸಕ್ಕೆ..."

"ನೀವು ಬರ್ತೀರಿ."

ನಾನು ಗುದ್ದಲಿ ಕೆಳಗಿಟ್ಟೆ. ಆ ದಿನ ಅಂಗಳದ ಗಿಡಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಕುಂಡಗಳಿಗೆ ಹಾಕಿ, ಕವುಚಿ, ಉಜ್ಜಿ, ತೊಳೆದು ಮಾಡಿನ ಕೆಳಗೆ ಸಾಲಾಗಿ ಇಟ್ಟೆ. ಮುಳ್ಳಿನ ಜಾತಿ ಕೈಯೆಲ್ಲ ಗೀರಿತು. ಮುಗಿಸಿ ಕರೆದಾಗ ಬಾಯಿ ಎದ್ದು ಬಂದರು. ಪ್ರತಿ ಗಿಡದ ಬುಡದವರೆಗೆ ಸಿರಿಂಜ್ ಇಳಿಸಿ ಎಳೆದು, ಬೆಳಕಿಗೆ ಹಿಡಿದು ನೋಡಿದರು. ಕೆಂಪು ಗಿಡದ ಸಿರಿಂಜ್‌ನಲ್ಲಿ ಎರಡು ಹನಿ ನೀರು ಬಂತು. ಅದನ್ನೇ ಬಹಳ ಹೊತ್ತು ಹಿಡಿದು ನೋಡಿದರು.

"ಇಲ್ಲ" ಎಂದರು. "ಮುಂದಿನ ಶನಿವಾರ ಒಂಬತ್ತು ಗಂಟೆಗೆ."

ಆ ಮೇಲೆ ಎರಡು ಮಳೆಗಾಲ ಕಳೆದಿವೆ. ಶನಿವಾರಗಳಂದು ನಾನು ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಬಾಯಿ ನನಗೆ ಕಾಫಿ ಕೊಡುತ್ತಾರೆ, ಮಾತು ಕೊಡುವುದಿಲ್ಲ. ಎಲ್ಲ ಗಿಡ ಮುಗಿದ ಮೇಲೆ ಸಿರಿಂಜ್ ಹಿಡಿದು ಜಗಲಿ ಇಳಿಯುತ್ತಾರೆ, ಮಂಡಿ ಈಗ ಇನ್ನೂ ಕೆಟ್ಟಿದೆ. ಅವರು ನೋಡಿ 'ಇಲ್ಲ' ಎನ್ನುವವರೆಗೆ ನಾನು ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.